ಐಎಂಡಿ ಗ್ರಿಡ್ ಮಳೆಗೂ ಪಂಚಾಯ್ತಿ ಮಳೆಮಾಪಕದ ಅಂಕಿಗೂ ಗಂಟು ಹಾಕಬಹುದೇ?

ವೇದಾವತಿ_ದಡ (ಪ್ರಶ್ನೆ)

ಚಳ್ಳಕೆರೆ ತಾಲ್ಲೂಕಿನ ಜಲಾನಯನ ಯೋಜನೆಯೊಂದಕ್ಕೆ ಮಳೆ ಬದಲಾವಣೆಯ ವರದಿ ಬೇಕಾಗಿದೆ. ಕೈಯಲ್ಲಿ ಎರಡು ಬಗೆಯ ದತ್ತಾಂಶ ಇದೆ. ಒಂದು, ಭಾರತೀಯ ಹವಾಮಾನ ಇಲಾಖೆಯ (ಐಎಂಡಿ) 0.25 ಡಿಗ್ರಿ ಗ್ರಿಡ್ (ನಕ್ಷೆಯನ್ನು ಚೌಕಗಳಾಗಿ ವಿಂಗಡಿಸಿ ಕೊಟ್ಟ ಮಳೆ), 1901ರಿಂದ ದಿನವಾರು. ಇನ್ನೊಂದು, ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಗ್ರಾಮ ಪಂಚಾಯ್ತಿ ಟೆಲಿಮೆಟ್ರಿಕ್ (ತಾವೇ ಅಳೆದು ಅಂಕಿ ಕಳಿಸುವ) ಮಳೆಮಾಪಕಗಳದ್ದು, ಈಚಿನ ವರ್ಷಗಳದ್ದು ಮಾತ್ರ. ಎರಡನ್ನೂ ಜೋಡಿಸಿ ಒಂದೇ ಸರಣಿ ಮಾಡಬಹುದೇ? ವಾರ್ಷಿಕ ಮೊತ್ತಕ್ಕೆ ಮ್ಯಾನ್-ಕೆಂಡಾಲ್ ಪರೀಕ್ಷೆ (ಕಾಲಕ್ರಮದಲ್ಲಿ ಏರಿಕೆಯೋ ಇಳಿಕೆಯೋ ಇದೆಯೇ ಎಂದು ನೋಡುವ ಸಾಂಖ್ಯಿಕ ಪರೀಕ್ಷೆ) ಹಾಕಿದಾಗ ಪ್ರವೃತ್ತಿ ಕಾಣದಿದ್ದರೆ ‘ಬದಲಾವಣೆ ಇಲ್ಲ’ ಎಂದು ಬರೆದು ಮುಗಿಸಬಹುದೇ? ರೈತರು ಹೇಳುವುದು ‘ಮಳೆ ಕಮ್ಮಿ’ ಅಂತಲ್ಲ, ‘ಹೊತ್ತಿಗೆ ಬರಲ್ಲ’ ಅಂತ. ಅದನ್ನು ಅಂಕಿಯಲ್ಲಿ ಹಿಡಿಯುವುದು ಹೇಗೆ?

ಗ್ರಿಡ್_ಗುಮಾಸ್ತ

ಜೋಡಿಸಬೇಡಿ. ಗ್ರಿಡ್‌ನ ಅಂಕಿ ಅಳತೆಯಲ್ಲ, ಅಂದಾಜು. ಸುತ್ತಲಿನ ಮಳೆಮಾಪಕಗಳಿಗೆ ದೂರಕ್ಕೆ ತಕ್ಕಂತೆ ತೂಕ ಕೊಟ್ಟು ಸುಮಾರು 27 ಕಿ.ಮೀ. ಚೌಕಕ್ಕೆ ಒಂದು ಬೆಲೆ ಕಟ್ಟಿರುತ್ತಾರೆ. ಇದರಿಂದ ಎರಡು ಎಡವಟ್ಟು. ಒಂದೂರಲ್ಲಿ ಬಿದ್ದ 120 ಮಿ.ಮೀ. ಜಡಿಮಳೆ ಚೌಕದಲ್ಲಿ ಹರಡಿ ತಗ್ಗುತ್ತದೆ. ಒಣಗಿದ್ದ ಊರಿಗೂ ಪಕ್ಕದ ಮಳೆಯ ಪಾಲು ಸಿಕ್ಕು, 2.5 ಮಿ.ಮೀ. ಅಥವಾ ಹೆಚ್ಚು ಬಿದ್ದ ‘ಮಳೆದಿನ’ಗಳು ಹೆಚ್ಚುತ್ತವೆ. ಅದರ ಬಾಲಕ್ಕೆ ಪಂಚಾಯ್ತಿ ಮಾಪಕದ ಅಂಕಿ ಕಟ್ಟಿದರೆ, ಕಟ್ಟಿದ ವರ್ಷದಿಂದಲೇ ಮಳೆದಿನ ಕುಸಿದು ಭಾರಿ ಮಳೆ ಏರಿದಂತೆ ಕಾಣುತ್ತದೆ. ‘ಹವಾಮಾನ ಬದಲಾವಣೆಗೆ ಸಾಕ್ಷಿ’ ಎಂದು ಎಷ್ಟೋ ವರದಿಗಳು ತೋರಿಸುವ ಗ್ರಾಫ್ ಬರೀ ಉಪಕರಣ ಬದಲಾದದ್ದರ ಗ್ರಾಫ್.

ಗ್ರಿಡ್ಡನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಒಟ್ಟು 6,955 ಕೇಂದ್ರಗಳನ್ನು ಬಳಸಿದ್ದರೂ ಯಾವುದೇ ಒಂದು ದಿನ ಅಷ್ಟೂ ಇರಲಿಲ್ಲ. ದಶಕದಿಂದ ದಶಕಕ್ಕೆ ಸಂಖ್ಯೆ ಬದಲಾಗಿದೆ. ಋತುವಿನ ಮೊತ್ತಕ್ಕೆ ಇದರಿಂದ ದೊಡ್ಡ ತೊಂದರೆಯಿಲ್ಲ, ಭಾರಿ ಮಳೆಯ ಎಣಿಕೆಗೆ ಇದೆ. ಅದಕ್ಕೆ ತಾಲ್ಲೂಕು ಕೇಂದ್ರದ ಹಳೆಯ ಮಳೆಮಾಪಕದ ದಾಖಲೆ ಹುಡುಕಿ. ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದಲ್ಲಿ ಕೇಳಿ ನೋಡಿ. ಟೆಲಿಮೆಟ್ರಿಕ್ ಅಂಕಿಯನ್ನು ತಾಲ್ಲೂಕಿನೊಳಗೆ ಮಳೆ ಹಂಚಿಕೆಯ ಏರುಪೇರು ತೋರಿಸಲು ಬೇರೆಯಾಗಿಯೇ ಬಳಸಿ, ಆ ಕೆಲಸಕ್ಕೆ ಅದು ಚಿನ್ನ.

ಫೈಲ್ ತೆರೆಯುವಾಗ: ಗ್ರಿಡ್ 135 × 129 ಬಿಂದು, ರೇಖಾಂಶ 66.5ರಿಂದ, ಅಕ್ಷಾಂಶ 6.5ರಿಂದ. ಸಾಧಾರಣ ವರ್ಷದ ಬೈನರಿ ಫೈಲ್ 2,54,25,900 ಬೈಟ್ ಇರಬೇಕು, ಕಮ್ಮಿಯಿದ್ದರೆ ಡೌನ್‌ಲೋಡ್ ಅರ್ಧಕ್ಕೆ ನಿಂತಿದೆ. ಇಲ್ಲದ ಬೆಲೆಗೆ -999 ಎಂದಿರುತ್ತದೆ. ಸರಾಸರಿಗೆ ಮುಂಚೆ ತೆಗೆಯಿರಿ. ದಿನಾಂಕವನ್ನೂ ಗಮನಿಸಿ. 15ನೇ ತಾರೀಖಿನ ಮಳೆ ಅಂದರೆ 14ರ ಬೆಳಿಗ್ಗೆ 8.30ರಿಂದ 15ರ ಬೆಳಿಗ್ಗೆ 8.30ರವರೆಗಿನದು. ಟೆಲಿಮೆಟ್ರಿಕ್‌ನ 15 ನಿಮಿಷದ ಅಂಕಿಗಳನ್ನು ಮಧ್ಯರಾತ್ರಿಯಿಂದ ಕೂಡಿಸಿದರೆ ಎರಡೂ ಎಂದಿಗೂ ತಾಳೆಯಾಗುವುದಿಲ್ಲ, ಏಕೆಂದರೆ ಬಯಲುಸೀಮೆಯ ಮಳೆ ಬಹುಪಾಲು ಸಂಜೆ-ರಾತ್ರಿಯದು.

ಸರಾಸರಿ_ಸಾಕು

ಎರಡನೇ ಪ್ರಶ್ನೆಗೆ. ‘ಪ್ರವೃತ್ತಿ ಸಾಬೀತಾಗಲಿಲ್ಲ’ ಎಂದು ಬರೆಯಬಹುದು, ‘ಬದಲಾವಣೆ ಇಲ್ಲ’ ಎಂದಲ್ಲ. ಲೆಕ್ಕ ಹಾಕಿ ನೋಡಿ. ವರ್ಷದಿಂದ ವರ್ಷಕ್ಕೆ ಮಳೆಯ ವ್ಯತ್ಯಯ ಗುಣಾಂಕ (ಸರಾಸರಿಗೆ ಹೋಲಿಸಿದ ಏರಿಳಿತ) 30% ಎಂದಿಟ್ಟುಕೊಳ್ಳಿ. 30 ವರ್ಷದ ಸರಣಿಯಲ್ಲಿ ಇಳಿಜಾರಿನ (ವರ್ಷಕ್ಕೆ ಎಷ್ಟು ಬದಲಾಗುತ್ತಿದೆ ಎಂಬುದರ) ದೋಷ ವರ್ಷಕ್ಕೆ ಸರಾಸರಿಯ 0.63%. ಅದರ 1.96 ಪಟ್ಟು (5% ಮಟ್ಟದ ಮಿತಿ) ಅಂದರೆ ವರ್ಷಕ್ಕೆ 1.24%, 30 ವರ್ಷಕ್ಕೆ 37%. ಮಳೆ ಮೂರನೇ ಒಂದು ಪಾಲು ಕಮ್ಮಿಯಾಗಿದ್ದರೂ ಪರೀಕ್ಷೆ ಸುಮ್ಮನಿರಬಹುದು! 100 ವರ್ಷ ತೆಗೆದುಕೊಂಡರೆ ಆ ಮಿತಿ ಸುಮಾರು 20%ಕ್ಕೆ ಇಳಿಯುತ್ತದೆ. ಹಾಗಾಗಿ ಪಿ-ಬೆಲೆಯ (ಬರೀ ಆಕಸ್ಮಿಕವಾಗಿ ಇಂಥ ಫಲಿತಾಂಶ ಬರುವ ಸಾಧ್ಯತೆ) ಜೊತೆ ಸೆನ್ ಇಳಿಜಾರನ್ನೂ (ವರ್ಷಕ್ಕೆ ಆಗುವ ಬದಲಾವಣೆಯ ಅಂದಾಜು) ಅದರ 95% ವ್ಯಾಪ್ತಿಯನ್ನೂ ಕೊಡಿ.

ಮ್ಯಾನ್-ಕೆಂಡಾಲ್‌ಗೆ ಮುಂಚೆ ಒಂದು ವರ್ಷದ ಸ್ವಸಹಸಂಬಂಧ (ಈ ವರ್ಷದ ಅಂಕಿಗೂ ಹಿಂದಿನ ವರ್ಷದ್ದಕ್ಕೂ ಇರುವ ನಂಟು) ನೋಡಿ. 30 ವರ್ಷಕ್ಕೆ ಅದು 0.36 ಮೀರಿದರೆ ಸಾದಾ ಪರೀಕ್ಷೆ ಬೇಡ, ಆ ನಂಟಿಗೆ ಸರಿಹೊಂದಿಸುವ ಹಾಮೆದ್-ರಾವ್ ತಿದ್ದುಪಡಿ ಬಳಸಿ. ಮಳೆಯಲ್ಲಿ ಇದು ಅಪರೂಪ, ಅಂತರ್ಜಲ ಮಟ್ಟದಲ್ಲಿ ಹೆಚ್ಚುಕಡಿಮೆ ಖಾಯಂ. ಇನ್ನೊಂದು: ಚಿತ್ರದುರ್ಗ ಜಿಲ್ಲೆಯ ಆರು ತಾಲ್ಲೂಕು, ಹನ್ನೆರಡು ತಿಂಗಳು ಎಂದು 72 ಪರೀಕ್ಷೆ ಹಾಕಿದರೆ ಏನೂ ಇಲ್ಲದಿದ್ದರೂ 5% ಮಟ್ಟದಲ್ಲಿ ಮೂರ್ನಾಲ್ಕು ‘ಮಹತ್ವದ’ ಫಲಿತಾಂಶ ಬರುವುದು ಸಹಜ. ಆ ಮೂರ್ನಾಲ್ಕನ್ನೇ ಆರಿಸಿ ಶೀರ್ಷಿಕೆ ಮಾಡುವ ಚಾಳಿ ಬಹಳ ಇದೆ.

ಹಳೆಯ ಜಿಲ್ಲಾ ಸರಾಸರಿಗಳನ್ನು ತರುವುದಾದರೆ ಎಚ್ಚರ. 1997ಕ್ಕೆ ಮುಂಚಿನ ಚಿತ್ರದುರ್ಗದಲ್ಲಿ ದಾವಣಗೆರೆ, ಹರಿಹರ, ಜಗಳೂರು ಕೂಡ ಸೇರಿವೆ.

ಹದಮಳೆ

ಮೂರನೇದು ನನ್ನ ಮಟ್ಟಿಗೆ ಮುಖ್ಯ ಪ್ರಶ್ನೆ. ವಾರ್ಷಿಕ ಮೊತ್ತ ಯಾವ ರೈತನ ತೀರ್ಮಾನಕ್ಕೂ ಬರುವುದಿಲ್ಲ. ಮೂರು ಸೂಚಕ ಕಟ್ಟಿ. ಮೊದಲನೆಯದು ಬಿತ್ತನೆ ದಿನ: ಜೂನ್ 1ರ ನಂತರ ಸತತ ಮೂರು ದಿನಗಳಲ್ಲಿ 20 ಮಿ.ಮೀ. ಬಿದ್ದು, ಮುಂದಿನ 30 ದಿನಗಳಲ್ಲಿ ಏಳು ದಿನ ಮೀರಿದ ಒಣ ಅವಧಿ ಇಲ್ಲದ ಮೊದಲ ದಿನ. ಚಳ್ಳಕೆರೆಯಂಥ ಕಡೆ ಏಳು ದಿನದ ಷರತ್ತು ಬಿಗಿಯಾಗಿ ಎಷ್ಟೋ ವರ್ಷ ‘ಬಿತ್ತನೆಯೇ ಇಲ್ಲ’ ಎಂದು ಬರಬಹುದು. ಹತ್ತು ದಿನ ಇಟ್ಟೂ ನೋಡಿ, ಎರಡೂ ಫಲಿತಾಂಶ ಕೊಡಿ. ಎರಡನೆಯದು ಸುಳ್ಳು ಹದ: 20 ಮಿ.ಮೀ. ಬಿದ್ದು ಆಮೇಲೆ ಮಳೆ ಕೈಕೊಟ್ಟ ವರ್ಷಗಳ ಎಣಿಕೆ. ಬೀಜ, ಗೊಬ್ಬರ ಹಾಳಾಗುವುದು ಇಲ್ಲೇ. ಮೂರನೆಯದು, ಬಿತ್ತಿದ 40ರಿಂದ 75ನೇ ದಿನದೊಳಗಿನ ಅತಿ ಉದ್ದದ ಒಣ ಅವಧಿ. ಶೇಂಗಾ ಕಾಯಿ ಮಣ್ಣಿಗಿಳಿದು ತುಂಬಿಕೊಳ್ಳುವ ಹೊತ್ತದು. ಮೇಲ್ಮಣ್ಣು ಗಟ್ಟಿಯಾದರೆ ಆಮೇಲೆ ಎಷ್ಟು ಸುರಿದರೂ ಪೂರ್ತಿ ಸರಿಹೋಗುವುದಿಲ್ಲ.

ಇದೇ ದಿನವಾರು ಅಂಕಿಯನ್ನು ತಿಂಗಳ ಬದಲು ಮಳೆ ನಕ್ಷತ್ರಕ್ಕೆ ಕೂಡಿಸಿ. ಒಂದೊಂದಕ್ಕೆ 13–14 ದಿನ. ಆರಿದ್ರಾ ಸುಮಾರು ಜೂನ್ 22ಕ್ಕೆ, ಪುಷ್ಯ ಜುಲೈ 20ಕ್ಕೆ, ಮಖೆ ಆಗಸ್ಟ್ 17ಕ್ಕೆ, ಹಸ್ತ ಸೆಪ್ಟೆಂಬರ್ 27ಕ್ಕೆ ಶುರು. ಪಂಚಾಯ್ತಿ ಸಭೆಯಲ್ಲಿ ಈ ಪಟ್ಟಿ ಇಟ್ಟರೆ ಚರ್ಚೆ ತಾನಾಗೇ ಹುಟ್ಟುತ್ತದೆ, ತಿಂಗಳ ಪಟ್ಟಿಗೆ ಯಾರೂ ಬಾಯಿ ಬಿಡುವುದಿಲ್ಲ. ನಕ್ಷತ್ರದ ದಿನಾಂಕ 71 ವರ್ಷಕ್ಕೆ ಒಂದು ದಿನ ಮುಂದೆ ಜರುಗುತ್ತದೆ. 1901ರಿಂದ ಎರಡು ದಿನವೂ ಆಗದು, ಬಿಟ್ಟುಬಿಡಿ.

ವೇದಾವತಿ_ದಡ

ತುಂಬ ಉಪಕಾರ. ಸುತ್ತಲೂ ಮಳೆಯಾದ ದಿನ ಒಂದು ಪಂಚಾಯ್ತಿಯ ಮಾಪಕ ಮಾತ್ರ ಸೊನ್ನೆ ತೋರಿಸುತ್ತದೆ. ಅದನ್ನು ಇಟ್ಟುಕೊಳ್ಳಲೇ?

ಗ್ರಿಡ್_ಗುಮಾಸ್ತ

ಒಂದು ದಿನವಾದರೆ ಇರಲಿ, ಇಲ್ಲಿ ಎತ್ತಿನ ಒಂದು ಕೊಂಬು ನೆನೆದು ಇನ್ನೊಂದು ಒಣಗಿರುತ್ತದೆ. ನೆರೆಯ ಮೂರೂ ಮಾಪಕಗಳಲ್ಲಿ ವಾರದಲ್ಲಿ ಹಲವು ಸಲ 10 ಮಿ.ಮೀ. ಮೀರಿ, ಇದು ಮಾತ್ರ ಸೊನ್ನೆಯಲ್ಲೇ ನಿಂತಿದ್ದರೆ ‘ಸೊನ್ನೆ’ ಅಳಿಸಿ ‘ಅಂಕಿ ಇಲ್ಲ’ ಎಂದು ಗುರುತಿಸಿ. ಸಾಮಾನ್ಯವಾಗಿ ಆಲಿಕೆಯಲ್ಲಿ ಎಲೆ, ಹಕ್ಕಿ ಹಿಕ್ಕೆ, ಜೇಡರ ಬಲೆ ಕಟ್ಟಿಕೊಂಡಿರುತ್ತದೆ. ಇಲ್ಲವೇ ಬ್ಯಾಟರಿ ಹೋಗಿರುತ್ತದೆ. ಕಟ್ಟಿಕೊಂಡಿದ್ದರೆ ಇನ್ನೊಂದು ಲಕ್ಷಣ: ಮಳೆ ನಿಂತ ಮೇಲೂ ಗಂಟೆಗಟ್ಟಲೆ ಒಂದೇ ಸಮ 0.5, 0.5 ಎಂದು ತೊಟ್ಟಿಕ್ಕುತ್ತಿರುತ್ತದೆ.

ಉಸ್ತುವಾರಿಯವರ ಒಪ್ಪಿಗೆ ಪಡೆದು ಪರೀಕ್ಷಿಸಬಹುದು. ಬಾಯಿಯ ವ್ಯಾಸ 200 ಮಿ.ಮೀ. ಇದ್ದರೆ 10 ಮಿ.ಮೀ. ಮಳೆಗೆ 314 ಮಿ.ಲೀ. ನೀರು. ಅರ್ಧ ಗಂಟೆಯಲ್ಲಿ ಸಣ್ಣಗೆ ಬಿಡಿ, ಮಾಪಕದೊಳಗೆ ತುಂಬಿದಾಗೆಲ್ಲ ಮಗುಚುವ ತೊಟ್ಟಿ 0.5 ಮಿ.ಮೀ.ನದಾದರೆ 20 ಸಲ ಮಗುಚಬೇಕು, 19–21 ಒಪ್ಪಿಕೊಳ್ಳಬಹುದು. ಒಂದೇ ಸಲ ಸುರಿದರೆ ತೊಟ್ಟಿ ಮಗುಚುವಷ್ಟರಲ್ಲಿ ನೀರು ಹರಿದುಹೋಗಿ ಎಣಿಕೆ ಕಮ್ಮಿ ಬರುತ್ತದೆ. 200 ಚದರ ಸೆಂ.ಮೀ. ಬಾಯಿಯ ಮಾಪಕವೂ ಉಂಟು, ಅದಕ್ಕೆ 200 ಮಿ.ಲೀ. ಸಾಕು. ಎರಡು 200ಗಳನ್ನು ಅದಲುಬದಲು ಮಾಡಿಕೊಂಡು ಸರಿಯಿದ್ದ ಮಾಪಕವನ್ನೇ ಕೆಟ್ಟಿದೆ ಎನ್ನುವವರಿದ್ದಾರೆ. ಮೊದಲು ಟೇಪು ಹಿಡಿದು ಅಳೆಯಿರಿ.