ತೌಡು-ಹಿಂಡಿಗೆ ಫೈಟೇಸ್ ಹಾಕಿದರೂ ರೋಹು ಮೀನು ಮೈ ಹಿಡಿಯುತ್ತಿಲ್ಲ, ಯಾಕೆ?

ಮಳವಳ್ಳಿ ರೈತ:
ನಮಸ್ಕಾರ. ಅರ್ಧ ಎಕರೆ ಹೊಂಡದಲ್ಲಿ ಕಾಟ್ಲಾ, ರೋಹು ಬಿಟ್ಟು ಎಂಟು ತಿಂಗಳಾಯಿತು. ಅಕ್ಕಿ ತೌಡು, ಕಡಲೆಕಾಯಿ ಹಿಂಡಿ ಅರ್ಧಕ್ಕರ್ಧ ಕೊಡುತ್ತೇನೆ. ಮೊನ್ನೆ ಬಲೆ ಹಾಕಿ ತೂಗಿದರೆ ರೋಹು 350 ಗ್ರಾಂ ದಾಟಿಲ್ಲ. ಒಂದನ್ನು ಸೀಳಿ ನೋಡಿದೆ. ಕರುಳಿನ ತುದಿಯಲ್ಲಿ ತೌಡಿನ ಸಿಪ್ಪೆ ಹಾಗೇ ಇತ್ತು. ನೀರು ಕಡುಹಸಿರು. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುತ್ತವೆ. ಕೋಳಿ ಮೇವಿಗೆ ಹಾಕುವ ಫೈಟೇಸ್ ಪುಡಿ (ತೌಡು, ಹಿಂಡಿಯಲ್ಲಿ ಕಟ್ಟಿಕೊಂಡ ರಂಜಕ ಬಿಡಿಸುವ ಕಿಣ್ವ) ತಂದು ಹಿಂಡಿ ಬೇಯಿಸುವಾಗಲೇ ಹಾಕಿದೆ. ತಿಂಗಳಾದರೂ ಗುಣ ಕಾಣಲಿಲ್ಲ.

ಮೇವು ಮಿಲ್ಲಿನವನು:
ಕುದಿಯುವ ಹಿಂಡಿಗೆ ಹಾಕಿದ್ದರಿಂದ ಪುಡಿ ಅಲ್ಲೇ ಸತ್ತುಹೋಗಿದೆ ಅಣ್ಣ. ಕಿಣ್ವಕ್ಕೆ ಬಿಸಿ ಆಗಲ್ಲ. ನಾನೂ ಮೊದಲ ವರ್ಷ ಪೆಲೆಟ್ (ಮೇವಿನ ಗುಳಿಗೆ) ಯಂತ್ರಕ್ಕೇ ಸುರಿದು ದುಡ್ಡು ಕಳೆದುಕೊಂಡೆ. ಈಗ ಪೆಲೆಟ್ ಆರಿದ ಮೇಲೆ ಎಣ್ಣೆ ಜೊತೆ ಸವರುತ್ತೇನೆ.

ಇನ್ನೊಂದು ವಿಷಯ. ಕೋಳಿಗೆ ಹುಳಿ ಇರುವ ಜಠರ ಇದೆ, ಫೈಟೇಸ್ ಅಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ರೋಹು, ಕಾಟ್ಲಾಗೆ ಜಠರವೇ ಇಲ್ಲ. ಗಂಟಲು ದಾಟಿದರೆ ನೇರ ಕರುಳು, ಅಲ್ಲಿ ಹುಳಿ ಇಲ್ಲ. ಅದಕ್ಕೇ ಹುಳಿಯನ್ನು ನಾವೇ ಕೊಡಬೇಕು. ಮುಂಬೈಯ ಕೇಂದ್ರ ಮೀನುಗಾರಿಕೆ ಶಿಕ್ಷಣ ಸಂಸ್ಥೆ ಸಿಐಎಫ್‌ಇಯವರು ರೋಹು ಮರಿಗಳ ಮೇವಿಗೆ ಕೆಜಿಗೆ 500 ಯೂನಿಟ್ ಫೈಟೇಸ್ ಜೊತೆ ಶೇ. 3 ಸಿಟ್ರಿಕ್ ಆಮ್ಲ, ಅಂದರೆ ನಮ್ಮ ನಿಂಬೆ ಉಪ್ಪು, ಸೇರಿಸಿ ನೋಡಿದ್ದರು. ಎರಡೂ ಸೇರಿದಾಗ ಜೀರ್ಣ, ಬೆಳವಣಿಗೆ ಎರಡೂ ಸುಧಾರಿಸಿತು.

ತೌಡಿನ ರಂಜಕದಲ್ಲಿ ಬಹುಪಾಲು ಫೈಟೇಟ್ ಆಗಿ ಕಟ್ಟಿಕೊಂಡಿರುತ್ತದೆ. ಮೀನಿಗೆ ದಕ್ಕದ್ದು ನೀರಿಗೆ ಸೇರಿ ಪಾಚಿ ಬೆಳೆಸುತ್ತದೆ. ಆ ಪಾಚಿ ರಾತ್ರಿಯೆಲ್ಲ ಆಮ್ಲಜನಕ ಎಳೆಯುತ್ತದೆ. ನಿಮ್ಮ ಹಸಿರು ನೀರಿಗೆ ಇದೂ ಒಂದು ಕಾರಣ.

ತುಮಕೂರಿನಿಂದ:
ಸೀಳಿದಾಗ ಕಂಡ ಸಿಪ್ಪೆ ನಾರು, ಅದನ್ನು ಫೈಟೇಸ್ ಮುಟ್ಟಲ್ಲ. ತೌಡು ಜರಡಿ ಹಿಡಿದು ಹಾಕಿ. ಹಿಂಡಿಗೆ ಬೂಸ್ಟು ಬಂದಿದ್ದರೆ ದಯವಿಟ್ಟು ಎಸೆದುಬಿಡಿ, ಬೂಸ್ಟಿನಲ್ಲಿ ವಿಷ ಇರಬಹುದು, ಫೈಟೇಸ್ ಅದನ್ನು ತೆಗೆಯಲ್ಲ. ಬಾಯಿ ಬಿಡುವ ದಿನ ಮೇವು ಬೇಡ, ಪಂಪ್ ಹಾಕಿ ನೀರು ಚಿಮ್ಮಿಸಿ.

ಮಳವಳ್ಳಿ ರೈತ:
ಹಿಂಡಿ ಮೂಟೆ ಬಿಚ್ಚಿ ನೋಡಿದೆ. ತಳದಲ್ಲಿ ಹಸಿರು ಬೂಸ್ಟು ಇತ್ತು, ಪೂರ್ತಿ ಹೊರಗೆ ಹಾಕಿದೆ. ಹೊಸ ಹಿಂಡಿ ಬೇಯಿಸಿ, ಕೈಗೆ ತಣ್ಣಗಾದ ಮೇಲೆ ನಿಂಬೆ ಉಪ್ಪು, ಫೈಟೇಸ್ ನೀರಲ್ಲಿ ಕರಗಿಸಿ ಕಲಸಬೇಕು ಅಲ್ವಾ?

ಮೇವು ಮಿಲ್ಲಿನವನು:
ಹೌದು. ಸಂಜೆ ಕಲಸಿ ಮುಚ್ಚಿಡಿ, ಬೆಳಿಗ್ಗೆ ಬಿಸಿಲೇರಿದ ಮೇಲೆ ಕೊಡಿ. ಪ್ಯಾಕೆಟ್ ಮೇಲೆ ಗ್ರಾಂಗೆ ಎಷ್ಟು ಯೂನಿಟ್ ಅಂತ ನೋಡಿಯೇ ಅಳತೆ ಹಾಕಿ, ಚಮಚದ ಲೆಕ್ಕ ಬೇಡ.