ಕೋಟಿಂಗ್ ಇದ್ದರೂ ಬೋರ್ಡ್ ಸ್ಟ್ಯಾಟಿಕ್ (ಸ್ಥಿರ ವಿದ್ಯುತ್) ಕಿಡಿಗೆ ಕೆಡ್ತಿದೆ, ಏನು ಮಾಡೋದು?

ಪ್ರಶ್ನೆ: ಟ್ಯಾಂಕ್ ಲೆವೆಲ್ ಕಂಟ್ರೋಲರ್. ಇಎಸ್‌ಪಿ32 ಮೈಕ್ರೋಕಂಟ್ರೋಲರ್ ಬೋರ್ಡ್, ಅಕ್ರಿಲಿಕ್ ಡಬ್ಬಿ, ಮುಂದೆ ಲೋಹದ ಪುಶ್ ಬಟನ್, ಎರಡು ಪಿನ್ನಿನ 5 ವೋಲ್ಟ್ ಅಡಾಪ್ಟರ್. ಬೋರ್ಡಿಗೆ ಕನ್‌ಫಾರ್ಮಲ್ ಕೋಟಿಂಗ್ (ತೆಳು ರಕ್ಷಣಾ ಲೇಪ) ಎರಡು ಸಲ ಆಗಿದೆ. ಕಲಬುರಗಿಯ ಬೇಸಿಗೆಯಲ್ಲಿ ಬಟನ್ ಮುಟ್ಟಿದ ಕೂಡಲೇ ರೀಸೆಟ್ ಆಗುತ್ತೆ, ಈಗ ಬಟನ್ನಿನ ಇನ್‌ಪುಟ್ ಪಿನ್ ಸತ್ತಿದೆ. ಮೂರನೇ ಕೋಟ್ ಹೊಡೀಲಾ? ಇಲ್ಲ ಬೋರ್ಡ್ ಮೇಲೆ ಆಂಟಿಸ್ಟ್ಯಾಟಿಕ್ ಸ್ಪ್ರೇ ಹಾಕಲಾ?

ಉತ್ತರ: ಎರಡೂ ಬೇಡ ಸರ್. ಕನ್‌ಫಾರ್ಮಲ್ ಕೋಟಿಂಗ್ ಇರೋದು ತೇವ, ಧೂಳು ತಡೆಯೋಕೆ. ಅದು ಶುದ್ಧ ಇನ್ಸುಲೇಟರ್, ಚಾರ್ಜನ್ನು ಎಲ್ಲಿಗೂ ಇಳಿಸಲ್ಲ. ಎಷ್ಟು ಕೋಟ್ ಹೊಡೆದರೂ ಕಿಡಿ ಬಟನ್ ತಂತಿ ಹಿಡಿದೇ ಒಳಗೆ ಬರುತ್ತೆ. ಆಂಟಿಸ್ಟ್ಯಾಟಿಕ್ ಸ್ಪ್ರೇಯನ್ನಂತೂ ಬೋರ್ಡ್ ಮೇಲೆ ಹಾಕಲೇಬೇಡಿ. ಅದರಲ್ಲಿ ಸಾಮಾನ್ಯವಾಗಿ ಇರೋದು ಗಾಳಿಯ ತೇವ ಎಳೆದುಕೊಳ್ಳುವ ಅಯಾನಿಕ್ ರಾಸಾಯನಿಕ. ಪಿನ್‌ಗಳ ನಡುವೆ ಲೀಕೇಜ್ ಶುರುವಾಗುತ್ತೆ, ಆಮೇಲೆ ತುಕ್ಕು.

ಸ್ಪ್ರೇಯ ಜಾಗ ಡಬ್ಬಿಯ ಹೊರಮೈ. ನೀರಿನ ಬೇಸ್ ಇರುವುದನ್ನೇ ತಗೊಳ್ಳಿ, ಆಲ್ಕೋಹಾಲ್ ತಾಗಿದರೆ ಅಕ್ರಿಲಿಕ್ ಸಣ್ಣಗೆ ಬಿರುಕು ಬಿಡುತ್ತೆ. ಬಟ್ಟೆಗೆ ಹಾಕಿ ತೆಳ್ಳಗೆ ಒರೆಸಿ. ಡಬ್ಬಿಯ ಅಂಚಿಗೆ ತಾಮ್ರದ ಟೇಪ್ ಅಂಟಿಸಿ, ಅಲ್ಲಿಂದ 1 ಮೆಗಾಓಮ್ ರೆಸಿಸ್ಟರ್ ಮೂಲಕ ಅರ್ಥಿಂಗ್‌ಗೆ ಕೊಡಿ. ನಿಮ್ಮ ಅಡಾಪ್ಟರ್‌ನಲ್ಲಿ ಅರ್ಥ್ ಪಿನ್ ಇಲ್ಲ, ಹಾಗಾಗಿ ಬೇರೆ ಹಸಿರು ತಂತಿ ಎಳೀಬೇಕು. ಬಟನ್ನಿನ ಲೋಹದ ಮೈಗೆ ರೆಸಿಸ್ಟರ್ ಬೇಡ, ಅದೇ ಅರ್ಥಿಂಗ್‌ಗೆ ನೇರ ಗಿಡ್ಡ ತಂತಿ ಸಾಕು.

ಇನ್ನೊಂದು ಉತ್ತರ: ಪಿನ್ ಉಳಿಸೋದು ಮಾತ್ರ ಟಿವಿಎಸ್ ಡಯೋಡ್ (ವೋಲ್ಟೇಜ್ ದಿಢೀರ್ ಏರಿದರೆ ಕರೆಂಟನ್ನು ಗ್ರೌಂಡಿಗೆ ತಿರುಗಿಸುವ ಭಾಗ). ತಂತಿ ಬೋರ್ಡಿಗೆ ಬರುವ ಜಾಗದಲ್ಲೇ 3.3 ವೋಲ್ಟಿನದು ಗ್ರೌಂಡಿಗೆ, ಅದರ ನಂತರ ಪಿನ್ನಿಗೆ ಸರಣಿಯಲ್ಲಿ 1 ಕಿಲೋಓಮ್. ಡಯೋಡಿನ ಗ್ರೌಂಡ್ ಹಾದಿ ಆದಷ್ಟು ಗಿಡ್ಡ ಇರಲಿ. ಸ್ಟ್ಯಾಟಿಕ್ ಕಿಡಿಯ ಅಂತರರಾಷ್ಟ್ರೀಯ ಮಾನದಂಡ ಐಇಸಿ 61000-4-2 ಪರೀಕ್ಷೆಯ 8 ಕಿಲೋವೋಲ್ಟ್ ಕಿಡಿಯಲ್ಲಿ 0.8 ನ್ಯಾನೋಸೆಕೆಂಡಿಗೆ 30 ಆಂಪಿಯರ್ ಏರುತ್ತೆ. 10 ಮಿ.ಮೀ. ಟ್ರ್ಯಾಕ್ ಅಂದರೆ ಸುಮಾರು 10 ನ್ಯಾನೋಹೆನ್ರಿ, ಅಷ್ಟರಲ್ಲೇ 375 ವೋಲ್ಟ್ ಹುಟ್ಟುತ್ತೆ. ಡಯೋಡ್ ಎಷ್ಟು ಒಳ್ಳೇದಿದ್ದರೂ ಆ ವೋಲ್ಟೇಜ್ ಪಿನ್ ಕಡೆಗೇ ಸೇರುತ್ತೆ.

ಪ್ರಶ್ನೆ ಕೇಳಿದವರು: ಸ್ಪ್ರೇ ಒರೆಸಿದೆ. ಮಲ್ಟಿಮೀಟರ್ ಇನ್ನೂ ಓಪನ್ (ಕರೆಂಟ್ ಹರಿಯೋ ಹಾದಿಯೇ ಇಲ್ಲ) ಅಂತಲೇ ತೋರಿಸ್ತಿದೆ.

ಉತ್ತರ: ತೋರಿಸಲೇಬೇಕು. ಆ ಸ್ಪ್ರೇ ಪದರದ ರೆಸಿಸ್ಟೆನ್ಸ್ ಇರಬೇಕಾದ್ದು 1 ಮೆಗಾಓಮ್‌ನಿಂದ 1000 ಮೆಗಾಓಮ್ ಒಳಗೆ, ಸಾಮಾನ್ಯ ಮೀಟರಿನ ಮಿತಿ ಕೆಲವೇ ಹತ್ತು ಮೆಗಾಓಮ್. 100 ವೋಲ್ಟ್ ರೇಂಜ್ ಇರುವ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಬಳಸಿ. ಮೊದಲು ಬೋರ್ಡ್ ಹೊರಗೆ ತೆಗೆದು ಅರ್ಥ್ ತಂತಿ ಬಿಡಿಸಿ. 10 ಸೆಂ.ಮೀ. ಉದ್ದದ ಎರಡು ತಾಮ್ರದ ಪಟ್ಟಿಗಳನ್ನು 10 ಸೆಂ.ಮೀ. ಅಂತರದಲ್ಲಿ ಸಮಾನಾಂತರ ಅಂಟಿಸಿ ಅಳೆದರೆ, ಬರುವ ಅಂಕೆಯೇ ಚದರಕ್ಕೆ ಇಷ್ಟು ಓಮ್ (ಮೇಲ್ಮೈ ಪದರದ ರೆಸಿಸ್ಟೆನ್ಸ್ ಹೇಳುವ ಮಾನ) ಅಂತ ಲೆಕ್ಕ.

ಅಳತೆ ಮಾತ್ರ ಒಣ ಮಧ್ಯಾಹ್ನ ಮಾಡಿ. ಮಳೆಗಾಲದಲ್ಲಿ ಎಂಥ ಪದರವೂ ಪಾಸ್ ಆಗುತ್ತೆ. ತೇವಾಂಶ ಶೇ. 30ಕ್ಕಿಂತ ಇಳಿದಾಗ ಓದಿಕೆ 1000 ಮೆಗಾಓಮ್ ದಾಟಿದರೆ ಮತ್ತೆ ಒರೆಸಬೇಕು. ಒದ್ದೆ ಬಟ್ಟೆಯಲ್ಲಿ ಡಬ್ಬಿ ಒರೆಸಿದ ಮೇಲೂ ಅಷ್ಟೇ, ಪದರ ತೊಳೆದು ಹೋಗಿರುತ್ತೆ.