'ಐದರ ಮೇಲೆ' ಎಂದರೆ ನಾಲ್ಕೋ, ಆರೋ? ಮೆಚ್ಚಿನ ಸಿನಿಮಾಗಳ ಪಟ್ಟಿ ಓದುವಾಗಿನ ಮಾತುಗಳು

ಪ್ರಶ್ನೆ:

ಹೊಸ ಸಿನಿಮಾಗಳ ಬಗ್ಗೆ ಮೂವರು ಕೂತು ಮಾತಾಡುವ ಕನ್ನಡ ಪಾಡ್‌ಕಾಸ್ಟ್ ಒಂದಕ್ಕೆ ಪದಗಳು ಬೇಕಾಗಿವೆ. ವಾರವಾರ ವಿಮರ್ಶೆ ಇರುತ್ತದೆ, ಒಂದೊಂದು ಸಿನಿಮಾಕ್ಕೂ ಅಂಕ ಕೊಡಲಾಗುತ್ತದೆ. ವರ್ಷದ ಕೊನೆಗೆ ಒಬ್ಬೊಬ್ಬರೂ ತಮ್ಮ ಹತ್ತು ಸಿನಿಮಾಗಳನ್ನು ಹತ್ತರಿಂದ ಒಂದರವರೆಗೆ ಓದುತ್ತಾರೆ. ತೊಡಕು ಮೂರು. ರ್‍ಯಾಂಕಿಂಗ್‌ಗೆ 'ಶ್ರೇಯಾಂಕ' ಹೊಂದುತ್ತದೆಯೇ? ಫೇವರಿಟ್ ಎನ್ನುವುದಕ್ಕೆ 'ನೆಚ್ಚಿನ' ಸರಿಯೋ, 'ಮೆಚ್ಚಿನ' ಸರಿಯೋ? ಮೂರನೆಯದು, 'ಇದನ್ನು ಐದರ ಮೇಲೆ ಹಾಕಬೇಕಿತ್ತು' ಎಂದಾಗ ಕೆಲವರು ನಾಲ್ಕನೇ ಸ್ಥಾನ ಎಂದುಕೊಳ್ಳುತ್ತಾರೆ, ಕೆಲವರು ಆರನೇ ಸ್ಥಾನ ಎಂದುಕೊಳ್ಳುತ್ತಾರೆ. ಪತ್ರಿಕೆಯಲ್ಲಾದರೆ ಪಟ್ಟಿ ಕಣ್ಣೆದುರಿಗಿರುತ್ತದೆ. ಕಿವಿಗೆ ಆ ಅನುಕೂಲ ಇಲ್ಲ.

ಉತ್ತರ:

ಮೂರನೆಯದರಿಂದಲೇ ಶುರುಮಾಡೋಣ. ಉಳಿದೆರಡರ ಬೇರೂ ಅಲ್ಲೇ ಇದೆ.

'ಆರಕ್ಕೇರಲಿಲ್ಲ, ಮೂರಕ್ಕಿಳಿಯಲಿಲ್ಲ' ಎನ್ನುತ್ತೇವೆ. ಇಲ್ಲಿ ಆರು ಮೇಲಿದೆ, ಮೂರು ಕೆಳಗಿದೆ. ಬೆಲೆ, ಜ್ವರ, ಕೆರೆಯ ನೀರು, ಪರೀಕ್ಷೆಯ ಅಂಕ ಯಾವುದೇ ಇರಲಿ, ಕನ್ನಡದ ಏರು-ಇಳಿ, ಮೇಲೆ-ಕೆಳಗೆ ಎಲ್ಲ ಪ್ರಮಾಣದ ಬೆನ್ನು ಹಿಡಿದು ನಡೆಯುತ್ತವೆ. 'ನೂರರ ಮೇಲಾಯಿತು' ಎಂದರೆ ನೂರಾಹತ್ತೋ ನೂರಾಇಪ್ಪತ್ತೋ ಆಗಿರಬೇಕು; ತೊಂಬತ್ತು ಎಂದು ಯಾರೂ ತಿಳಿಯುವುದಿಲ್ಲ. ಸ್ಥಾನದ ಲೆಕ್ಕ ಇದಕ್ಕೆ ಪೂರ್ತಿ ತಲೆಕೆಳಗು. ಅಲ್ಲಿ ಮೂರು ಮೇಲೆ, ಆರು ಕೆಳಗೆ. ಕಾಗದದಲ್ಲಿ ಒಂದನೆಯದು ಮೇಲ್ಗಡೆ ಅಚ್ಚಾಗಿರುವುದರಿಂದ 'ಮೇಲೆ' ಎನ್ನುವುದು ಹಾಳೆಯ ಜಾಗವನ್ನು ತೋರಿಸಿ ಕೆಲಸ ನಡೆಸುತ್ತದೆ. ಹಾಳೆ ತೆಗೆದುಬಿಟ್ಟರೆ ಉಳಿಯುವುದು ಸಂಖ್ಯೆ ಮಾತ್ರ, ಸಂಖ್ಯೆಯ ಮೇಲೆ ಇರುವುದು ದೊಡ್ಡ ಸಂಖ್ಯೆ. ಹಾಗಾಗಿ ಆರು ಎಂದುಕೊಂಡ ಕೇಳುಗರ ತಪ್ಪೇನಿಲ್ಲ, ಅವರು ಕೇಳಿದ್ದು ಅಚ್ಚ ಕನ್ನಡದ ಅರ್ಥವನ್ನೇ.

ಮದ್ದು ಸರಳ: ಸಂಖ್ಯೆಗೆ 'ಮೇಲೆ', 'ಕೆಳಗೆ' ಅಂಟಿಸಬೇಡಿ. ಸಿನಿಮಾಕ್ಕೆ ಸಿನಿಮಾವನ್ನೇ ಹೋಲಿಸಿ. 'ಐದನೆಯದಕ್ಕಿಂತ ಇದು ಹೆಚ್ಚು ಇಷ್ಟ, ಇದನ್ನು ನಾಲ್ಕಕ್ಕೆ ತರಬೇಕು' ಎಂದರೆ ಯಾರಿಗೂ ಗೊಂದಲವಿಲ್ಲ. ಅಂಕದ ಮಾತು ಬಂದಾಗ ಮಾತ್ರ ಏರಿಸಿ, ಇಳಿಸಿ.

'ಮುಂದೆ' ಎಂಬುದಕ್ಕೂ ಎರಡು ಮುಖ. ಓಟದಲ್ಲಿ ಮುಂದಿರುವುದು ಒಂದು, ಸರದಿಯಲ್ಲಿ ಮುಂದೆ ಬರುವುದು ಇನ್ನೊಂದು. ಹತ್ತರಿಂದ ಒಂದಕ್ಕೆ ಓದುತ್ತ ಹೋದರೆ ಇವೆರಡೂ ಒಂದೇ ದಿಕ್ಕಿಗೆ ಹೊರಳುತ್ತವೆ: ಮುಂದೆ ಓದುವುದೇ ಮುಂದಿರುವ ಸಿನಿಮಾ. ಒಂದರಿಂದ ಹತ್ತಕ್ಕೆ ಓದಿದರೆ ಎರಡೂ ಎದುರುಬದುರು. ಕುತೂಹಲ ಕಾಯ್ದುಕೊಳ್ಳುವುದಕ್ಕೆ ಮಾತ್ರವಲ್ಲ, ಭಾಷೆಯ ದೃಷ್ಟಿಯಿಂದಲೂ ನೀವು ಹಿಡಿದಿರುವ ಇಳಿಯೆಣಿಕೆಯೇ ಸರಿ. (ಇದಕ್ಕೆ 'ಕ್ಷಣಗಣನೆ' ಎಂದು ಬಳಸಬೇಡಿ. ರಾಕೆಟ್ ಹಾರಿಸುವಾಗ ಎಣಿಸುವುದು ಕ್ಷಣಗಳನ್ನು, ಇಲ್ಲಿ ಎಣಿಸುವುದು ಸಿನಿಮಾಗಳನ್ನು.) ಒಂದು ಎಚ್ಚರಿಕೆ ಮಾತ್ರ ಬೇಕು. ಇಳಿಯೆಣಿಕೆಯಲ್ಲಿ 'ಮೊದಲ ಸಿನಿಮಾ' ಎಂದರೆ ಮೊದಲು ಓದಿದ ಹತ್ತನೆಯದೋ, ಕಿರೀಟ ತೊಟ್ಟ ಒಂದನೆಯದೋ ತಿಳಿಯದು. ಸ್ಥಾನಕ್ಕೆ 'ಒಂದನೇ ಸ್ಥಾನ' ಎಂದೇ ಹೇಳಿ. ಓದಿನ ಶುರುವಿಗೆ 'ಹತ್ತರಿಂದ ಶುರುಮಾಡೋಣ' ಎಂದರೆ ಸಾಕು.

ಕಿವಿಯ ವಿಷಯ ಬಂದಿದ್ದರಿಂದ ಇನ್ನೊಂದು. ಆರು, ಏಳು, ಹತ್ತು ಈ ಮೂರೂ ಕನ್ನಡದಲ್ಲಿ ಕ್ರಿಯಾಪದಗಳೂ ಹೌದು. 'ಏಳು ಸಿನಿಮಾ' ಎಂದರೆ ಎಣಿಕೆ, 'ಏಳನೇ ಸಿನಿಮಾ' ಎಂದರೆ ಸ್ಥಾನ. ಬೇಗ ಮಾತಾಡುವಾಗ ನಡುವಿನ 'ನೇ' ನುಂಗಿಹೋಗುತ್ತದೆ. 'ಏಳನೆಯದು' ಎಂದು ಪೂರ್ತಿ ಹೇಳಿ, ಒಂದು ಉಸಿರು ಬಿಟ್ಟು, ಆಮೇಲೆ ಸಿನಿಮಾದ ಹೆಸರು ಹೇಳುವುದು ಒಳ್ಳೆಯದು.

ಅಂಕ ಹೇಳುವುದಕ್ಕೆ ಕನ್ನಡದಲ್ಲಿ ಹದವಾದ ರೂಢಿ ಇದೆ, ಅದನ್ನು ಬಿಟ್ಟುಕೊಡಬೇಡಿ. 'ನೂರಕ್ಕೆ ಎಪ್ಪತ್ತು' ಎಂಬ ಹಾಗೆ 'ಐದಕ್ಕೆ ಮೂರೂವರೆ'. 'ಐದರಲ್ಲಿ ಮೂರೂವರೆ' ಎಂದರೆ ಐದು ಸಿನಿಮಾಗಳ ಪೈಕಿ ಮೂರೂವರೆ ಎಂಬಂತೆ ಕೇಳುತ್ತದೆ. 'ಮೂರು ಪಾಯಿಂಟ್ ಐದು' ಬೇಕಿಲ್ಲ. ಕಾಲು, ಅರ್ಧ, ಮುಕ್ಕಾಲು ಇದ್ದೇ ಇವೆ: ಮೂರೂಕಾಲು, ಮೂರೂವರೆ, ಮೂರೂಮುಕ್ಕಾಲು. ಇವು ಕೇಳುವುದಕ್ಕೂ ಸ್ಪಷ್ಟ.

ಹೊರಗಿನ ಅಂಕಗಳನ್ನು ಉಲ್ಲೇಖಿಸುವಾಗ ಪದ ಜಾರುವುದು ಹೆಚ್ಚು. ವಿಮರ್ಶೆಗಳನ್ನು ಒಟ್ಟುಮಾಡುವ ರಾಟನ್ ಟೊಮೇಟೋಸ್ ತಾಣದಲ್ಲಿ ಶೇ 90 ಎಂದಿದ್ದರೆ ಅದು 'ನೂರಕ್ಕೆ ತೊಂಬತ್ತು ಅಂಕ' ಅಲ್ಲ. ವಿಮರ್ಶಕರಲ್ಲಿ ನೂರಕ್ಕೆ ತೊಂಬತ್ತು ಮಂದಿ ಒಟ್ಟಾರೆ ಮೆಚ್ಚಿದರು ಎಂದಷ್ಟೇ ಅದರ ಅರ್ಥ. ಎಲ್ಲರೂ 'ಪರವಾಗಿಲ್ಲ, ನೋಡಬಹುದು' ಎಂದ ಸಿನಿಮಾಕ್ಕೂ ಅಲ್ಲಿ ಶೇ 100 ಸಿಗಬಹುದು. ಇದು ಪಾಲು, ಅಂಕವಲ್ಲ. ಲಂಡನ್ನಿನ ಸೈಟ್ ಅಂಡ್ ಸೌಂಡ್ ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರ ಆಯ್ಕೆಯ ಪಟ್ಟಿ ಮಾಡುತ್ತದೆ. ಅಲ್ಲಿ ಒಬ್ಬೊಬ್ಬರು ಹತ್ತು ಹೆಸರು ಕೊಡುತ್ತಾರೆ, ಹತ್ತಕ್ಕೂ ಸಮಾನ ಮತ. ಹಾಗಾಗಿ ಆ ಪಟ್ಟಿಯ ಸ್ಥಾನ ಮತದ ಎಣಿಕೆಯಿಂದ ಬಂದದ್ದು. ಯಾರೊಬ್ಬರೂ ಅದನ್ನು 'ಇದೇ ಎಲ್ಲಕ್ಕಿಂತ ಮೊದಲು' ಎಂದು ಕೂರಿಸಿದ್ದಲ್ಲ. ಅದೇ ಪಟ್ಟಿಯಲ್ಲಿ ಸಿಟಿಜನ್ ಕೇನ್ 1962ರಿಂದ 2002ರವರೆಗೆ ಐದು ಸಲ ಒಂದನೇ ಸ್ಥಾನದಲ್ಲಿತ್ತು, 2012ರಲ್ಲಿ ಎರಡನೆಯದಾಯಿತು, 2022ರಲ್ಲಿ ಮೂರನೆಯದು. ಇದನ್ನು 'ಕುಸಿಯಿತು' ಎಂದು ಬರೆಯುವವರುಂಟು. ಗೋಡೆ ಕುಸಿಯುತ್ತದೆ, ಷೇರು ಕುಸಿಯುತ್ತದೆ. ಸಿನಿಮಾ ಇದ್ದಲ್ಲೇ ಇದೆ, ಬೇರೆಯವು ಅದನ್ನು ದಾಟಿದವು ಅಷ್ಟೇ. 'ಹಿಂದೆ ಸರಿಯಿತು' ಎನ್ನುವುದು ನ್ಯಾಯ.

ಈಗ 'ಶ್ರೇಯಾಂಕ'. ನನ್ನ ಮಟ್ಟಿಗೆ ಇದು ಸಿನಿಮಾ ಪಟ್ಟಿಗೆ ಬೇಡ. ಸಂಧಿಯ ತಕರಾರು ಒಂದಿದೆ: ಶ್ರೇಯಸ್ ಮತ್ತು ಅಂಕ ಸೇರಿದರೆ ಸಂಸ್ಕೃತದ ನಿಯಮದಂತೆ 'ಶ್ರೇಯಾಂಕ' ಆಗುವುದಿಲ್ಲ, 'ಶ್ರೇಯೋಂಕ' ಎಂಬ ರೂಪ ಬರಬೇಕು. ಆದರೆ ಕ್ರೀಡಾಪುಟಗಳಲ್ಲಿ ನೆಲೆನಿಂತ ಪದವನ್ನು ಸಂಧಿಯ ಕಾರಣಕ್ಕೆ ಓಡಿಸುವುದು ಬೇಡ. ಅರ್ಥದ ತಕರಾರು ದೊಡ್ಡದು. ಟೆನಿಸ್ ವರದಿಯಲ್ಲಿ 'ಎರಡನೇ ಶ್ರೇಯಾಂಕದ ಆಟಗಾರ್ತಿ', 'ಶ್ರೇಯಾಂಕ ರಹಿತ ಆಟಗಾರ' ಎಂದು ಓದುತ್ತೇವಲ್ಲ, ಅದು ಟೂರ್ನಿ ಶುರುವಾಗುವ ಮೊದಲೇ ಹಚ್ಚಿದ ಗುರುತು. ನಿಮ್ಮ ಪಟ್ಟಿಯದು ನೋಡಿ ಮುಗಿಸಿದ ಮೇಲಿನ ತೀರ್ಪು. ಮೇಲಾಗಿ 'ಶ್ರೇಯಸ್' ಎನ್ನುವುದು ಹಿರಿಮೆಯನ್ನು ಹೇಳುತ್ತದೆ. 'ನನಗೆ ಇಷ್ಟವಾದದ್ದು' ಎಂಬ ಮಾತಿಗೆ 'ಇದೇ ಶ್ರೇಷ್ಠ' ಎಂಬ ಭಾರ ಹೊರಿಸಿದಂತಾಗುತ್ತದೆ. 'ಸ್ಥಾನ' ಸಾಕು. ಸ್ಥಾನ ಕೊಟ್ಟೆವು, ಸ್ಥಾನ ಬದಲಿಸಿದೆವು, ಪಟ್ಟಿಯಲ್ಲಿ ಸ್ಥಾನ ಸಿಗಲಿಲ್ಲ, ಎಲ್ಲ ಸಲೀಸು. 'ಕ್ರಮಾಂಕ' ಬೇಡ, ಅದು ಹಾಜರಿ ಪುಸ್ತಕದ ವರಸೆ ಸಂಖ್ಯೆ. ಸಿನಿಮಾಗಳನ್ನು ಒಂದೊಂದಾಗಿ ಜೋಡಿಸದೆ ಗುಂಪುಗುಂಪಾಗಿ ವಿಂಗಡಿಸುವುದಾದರೆ 'ದರ್ಜೆ' ಒಪ್ಪುತ್ತದೆ. ಪ್ರಥಮ ದರ್ಜೆ, ದ್ವಿತೀಯ ದರ್ಜೆ ಎಂಬುದು ಕಚೇರಿಯಲ್ಲೂ ಪರೀಕ್ಷೆಯಲ್ಲೂ ಬಳಕೆಯಾಗಿ ಪಳಗಿದೆ. ಒಂದು ದರ್ಜೆಯೊಳಗೆ ಹಲವರು ಇರಬಹುದು ಎಂಬ ಅರ್ಥ ಅದರಲ್ಲೇ ಅಡಗಿದೆ.

ಮೆಚ್ಚು, ನೆಚ್ಚು ಒಂದೇ ಎಂಬಂತೆ ಇತ್ತೀಚೆಗೆ ಬೆರೆತುಹೋಗಿವೆ, ಇದು ನಷ್ಟ. ಮೆಚ್ಚುವುದು ಕಂಡು, ತೂಗಿ, ಒಪ್ಪಿಕೊಳ್ಳುವುದು. ಬಸವಣ್ಣನವರ ವಚನದಲ್ಲಿ ನುಡಿ ಕೇಳಿದ ಲಿಂಗವು ಮೆಚ್ಚಿ 'ಅಹುದಹುದು' ಎನ್ನಬೇಕು. ಕೇಳುವುದು ಮೊದಲು, ಮೆಚ್ಚುವುದು ಆಮೇಲೆ. ನೆಚ್ಚುವುದು ನಂಬಿ ಆತುಕೊಳ್ಳುವುದು. ಮಳೆಯನ್ನು ನೆಚ್ಚಿ ಬಿತ್ತುತ್ತಾರೆ, ಮಳೆ ಇನ್ನೂ ಬಂದಿರುವುದಿಲ್ಲ. ಹಾಗಾಗಿ ನೆಚ್ಚಿನ ನಿರ್ದೇಶಕ, ಮೆಚ್ಚಿನ ಸಿನಿಮಾ. ಇನ್ನೂ ತೆರೆ ಕಾಣದ ಸಿನಿಮಾಕ್ಕೆ ಮುಂಗಡ ಟಿಕೆಟ್ ಕೊಳ್ಳುವುದು ನೆಚ್ಚಿಕೆಯಿಂದ, ವರ್ಷದ ಕೊನೆಯ ಪಟ್ಟಿ ಮೆಚ್ಚುಗೆಯಿಂದ. ನಟರ ಬಗ್ಗೆ 'ನೆಚ್ಚಿನ' ಎಂದು ಪತ್ರಿಕೆಗಳು ಬರೆಯುವುದು ಇದೇ ಅರ್ಥದಲ್ಲಿ ಚೆನ್ನಾಗಿಯೇ ಹೊಂದುತ್ತದೆ. 'ವರ್ಷದ ಅತ್ಯುತ್ತಮ ಹತ್ತು' ಎಂಬ ಶೀರ್ಷಿಕೆಯನ್ನು ಬಿಟ್ಟು 'ವರ್ಷದ ಮೆಚ್ಚಿನ ಹತ್ತು' ಎಂದರೆ 'ಅದ್ಯಾಕಿಲ್ಲ, ಇದ್ಯಾಕಿದೆ' ಎಂಬ ಜಗಳದ ಅರ್ಧ ಅಲ್ಲೇ ಕರಗುತ್ತದೆ.

ವಿಮರ್ಶೆಯ ಮಾತಿಗೆ ಬಂದರೆ, ಕಂತಿನ ವಿವರಣೆಯಲ್ಲಿ 'ವಿಮರ್ಷೆ' ಎಂದು ಬರೆಯದಿರಿ. ಬೇರು 'ಮೃಶ್', ಮುಟ್ಟಿ ನೋಡುವುದು, ತಡವಿ ನೋಡುವುದು. ಪರಾಮರ್ಶೆ ಅದೇ ಬೇರಿನದು. 'ಟೀಕೆ' ಮೂಲದಲ್ಲಿ ವ್ಯಾಖ್ಯಾನವೇ ಆದರೂ ಇಂದಿನ ಕಿವಿಗೆ ಅದು ಬೈಗುಳದ ನೆರೆಮನೆ.

ತೀರ್ಪಿನ ಮಾತುಗಳಲ್ಲಿ ಕನ್ನಡ ಬಹಳ ಸೂಕ್ಷ್ಮ. 'ನೋಡಲೇಬೇಕು', 'ನೋಡಬೇಕಾದದ್ದು', 'ನೋಡುವಂತಿದೆ', 'ನೋಡಬಹುದು', 'ಒಂದ್ಸಲ ನೋಡಬಹುದು' ಇವು ಐದು ಮೆಟ್ಟಿಲು. 'ಒಂದ್ಸಲ' ಸೇರಿದೊಡನೆ ಹೊಗಳಿಕೆ ಅರ್ಧಕ್ಕಿಳಿಯುತ್ತದೆ. ಇವೆಲ್ಲದರಲ್ಲಿ ಸೊಗಸಾದದ್ದು 'ನೋಡಿಸಿಕೊಂಡು ಹೋಗುತ್ತದೆ' ಎಂಬುದು. ನೋಡುವವರಿಗೆ ಶ್ರಮವಿಲ್ಲ, ನೋಡಿಸುವ ಕೆಲಸವನ್ನು ಸಿನಿಮಾವೇ ಮಾಡುತ್ತದೆ. ಕಥೆ ತೆಳುವಾಗಿದ್ದು ಓಟ ಚೆನ್ನಾಗಿರುವ ಸಿನಿಮಾಕ್ಕೆ ಇದಕ್ಕಿಂತ ಕರಾರುವಾಕ್ಕಾದ ಮಾತು ಸಿಗಲಾರದು. ಇಂಥ ಮಾತುಗಳನ್ನು ಬಿಟ್ಟು 'ಡೀಸೆಂಟ್ ವಾಚ್' ಎನ್ನಬೇಕಾಗಿಲ್ಲ.

ಕನ್ನಡದ ವಾಕ್ಯದಲ್ಲಿ ತೀರ್ಪು ಕೊನೆಗೆ ಬರುತ್ತದೆ. ಧ್ವನಿ ಕತ್ತರಿಸುವವರಿಗೆ ಇದು ತಿಳಿದಿರಬೇಕು. 'ಈ ವರ್ಷದ ಒಳ್ಳೆಯ ಸಿನಿಮಾ ಅನ್ನೋಕೆ ಆಗಲ್ಲ' ಎಂಬ ಮಾತನ್ನು ಕಿರುತುಣುಕು ಮಾಡುವಾಗ ಕೊನೆಯ ಎರಡು ಪದ ಹೋದರೆ ಅಭಿಪ್ರಾಯವೇ ತಿರುಗುಮುರುಗು. ಸ್ಪಾಯ್ಲರ್ ಎಚ್ಚರಿಕೆಗೂ ಇದೇ ತೊಂದರೆ: 'ಕೊನೆಗೆ ಅಣ್ಣನೇ ಕೊಲೆಗಾರ ಅಂತ ಹೇಳಿದರೆ ಗುಟ್ಟು ಬಿಟ್ಟಂತೆ' ಎನ್ನುವಷ್ಟರಲ್ಲಿ ಗುಟ್ಟು ಬಿಟ್ಟಾಗಿದೆ. 'ಗುಟ್ಟು' ಎಂಬ ಪದವನ್ನೇ ವಾಕ್ಯದ ತಲೆಗೆ ತನ್ನಿ: 'ಗುಟ್ಟು ಒಡೆಯುವ ಭಾಗ ಇಲ್ಲಿಂದ ಹತ್ತು ನಿಮಿಷ.' ಒಗಟು ಒಡೆಯುವುದು, ಗುಟ್ಟು ಒಡೆಯುವುದು ನಮ್ಮಲ್ಲಿ ಇದ್ದೇ ಇರುವ ಮಾತು.

ಪಾಡ್‌ಕಾಸ್ಟ್ ಹಾಗೆಯೇ ಇರಲಿ. ಕೇಳುವವರು 'ಕೇಳುಗರು', ಒಂದೊಂದು ಸಲದ್ದು 'ಕಂತು'.

ಇದಕ್ಕೆ ಸೇರಿಸುವುದು:

ಮೇಲಿನ ಐದು ಮೆಟ್ಟಿಲುಗಳು ಮೈಸೂರು–ಬೆಂಗಳೂರು ಕಡೆಯವು. ಧಾರವಾಡದ ಕಡೆ 'ಅಡ್ಡಿಯಿಲ್ಲ' ಎಂದರೆ ಬೆಂಗಳೂರಿನ 'ಪರವಾಗಿಲ್ಲ'ಕ್ಕಿಂತ ಒಂದು ಮೆಟ್ಟಿಲು ಮೇಲೆ, ಮನಸಾರೆ ಒಪ್ಪಿದಂತೆ. ಕುಂದಾಪುರದವರು 'ಲಾಯ್ಕಿತ್ತ್' ಎಂದರೆ 'ಚೆನ್ನಾಗಿದೆ' ಎಂದು. ಮಿಕ್ಕವರ ಕಿವಿಗೆ ಅದು 'ಚೆನ್ನಾಗಿತ್ತು', ಅಂದರೆ ಈಗ ಹಾಗಿಲ್ಲ ಎಂಬಂತೆ ಕೇಳಬಹುದು. ಮೂವರು ಮೂರು ಊರಿನವರಾದರೆ ಮಾತಿನ ಜತೆಗೆ ಅಂಕವನ್ನೂ ಹೇಳುವುದು ಈ ಕಾರಣಕ್ಕೆ ಒಳಿತು.

ಮೂವರ ಪಟ್ಟಿ ಸೇರಿಸಿ ಒಂದು ಮಾಡುವಾಗ ಹನ್ನೊಂದರಿಂದ ಸ್ಥಾನವನ್ನು ಕಳೆದು ಅಂಕ ಮಾಡಿಕೊಳ್ಳುವುದು ರೂಢಿ: ಒಂದನೆಯದಕ್ಕೆ ಹತ್ತು, ಹತ್ತನೆಯದಕ್ಕೆ ಒಂದು. ಹದಿನೆಂಟನೇ ಶತಮಾನದ ಫ್ರೆಂಚ್ ಗಣಿತಜ್ಞ ಬೋರ್ದಾ ಅವರ ಹೆಸರಿನಲ್ಲಿ ಬಂದ ಎಣಿಕೆ ಇದು. ಒಬ್ಬರು ಮಾತ್ರ ಒಂದನೇ ಸ್ಥಾನ ಕೊಟ್ಟು, ಉಳಿದಿಬ್ಬರ ಪಟ್ಟಿಯಲ್ಲಿಲ್ಲದ ಸಿನಿಮಾಕ್ಕೆ 10 ಅಂಕ. ಮೂವರೂ ಏಳು, ಆರು, ಏಳನೇ ಸ್ಥಾನದಲ್ಲಿಟ್ಟ ಸಿನಿಮಾಕ್ಕೆ 4, 5, 4 ಸೇರಿ 13. ಎರಡನೆಯದೇ ಗೆಲ್ಲುತ್ತದೆ, ಅದು ಯಾರ ಅಚ್ಚುಮೆಚ್ಚೂ ಅಲ್ಲ. ಹಾಗಾಗಿ ಸೇರಿಸಿದ ಪಟ್ಟಿಗೆ 'ನಮ್ಮೆಲ್ಲರ ಅಚ್ಚುಮೆಚ್ಚು' ಎಂಬ ಹೆಸರು ಸುಳ್ಳಾಗುತ್ತದೆ. 'ಮೂವರೂ ಒಪ್ಪಿದ ಹತ್ತು' ಎನ್ನುವುದೂ ಪೂರ್ತಿ ನಿಜವಲ್ಲ, ಒಬ್ಬರೇ ಮೆಚ್ಚಿದ್ದೂ ಅದರೊಳಗೆ ನುಸುಳಬಹುದು. 'ಕೂಡುಪಟ್ಟಿ' ಎಂದರೆ ಇದ್ದದ್ದು ಇದ್ದಹಾಗೆ. ಇನ್ನೊಂದು, ಪಟ್ಟಿಯಲ್ಲಿಲ್ಲ ಎಂದರೆ 'ನೋಡಿಲ್ಲ' ಎಂದೂ ಇರಬಹುದು, 'ಹಿಡಿಸಲಿಲ್ಲ' ಎಂದೂ ಇರಬಹುದು. ಲೆಕ್ಕದಲ್ಲಿ ಎರಡಕ್ಕೂ ಸೊನ್ನೆಯೇ. ಮೂವರೂ ನೋಡಿದ ಸಿನಿಮಾಗಳನ್ನು ಮಾತ್ರ ಕೂಡುಪಟ್ಟಿಗೆ ತೆಗೆದುಕೊಂಡರೆ ಈ ಅನ್ಯಾಯ ತಪ್ಪುತ್ತದೆ.

ಅಂಕ ಸಮನಾದರೆ 'ಜಂಟಿ ಎರಡನೇ ಸ್ಥಾನ' ಎನ್ನಿ. ಎರಡು ಸಿನಿಮಾ ಜಂಟಿಯಾಗಿ ಎರಡರಲ್ಲಿ ಕೂತರೆ ಮೂರನೇ ಸ್ಥಾನ ಖಾಲಿ. ಹತ್ತರಿಂದ ಇಳಿದು ಬರುವಾಗ ನಾಲ್ಕನೆಯದಾದ ಮೇಲೆ ನೇರವಾಗಿ ಎರಡನೆಯದು ಬಂದರೆ ಕೇಳುಗರು ತಮಗೆ ಮೂರನೆಯದು ತಪ್ಪಿಹೋಯಿತು ಎಂದು ಹಿಂದಕ್ಕೆ ಓಡಿಸಿ ಕೇಳುತ್ತಾರೆ. ಅದಕ್ಕೇ ನಾಲ್ಕನೆಯದನ್ನು ಮುಗಿಸಿದ ಕೂಡಲೇ 'ಮೂರನೇ ಸ್ಥಾನ ಖಾಲಿ, ಎರಡರಲ್ಲಿ ಇಬ್ಬರಿದ್ದಾರೆ' ಎಂದು ಹೇಳಿಬಿಡಿ.